ಟ್ಯಾಬ್ ಹೊಸದು, ತಪ್ಪು ಹಳೆಯದು

ಹೊಸ ಟ್ಯಾಬ್ ಮನೆಗೆ ಬಂದ ಸಂಜೆ ಇದು ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ಡಬ್ಬ ಬಿಚ್ಚುವುದು, ವೈಫೈಗೆ ಸೇರಿಸುವುದು, ಅಮ್ಮನ ಕೈಗೆ ಕೊಡುವುದು, ಅಷ್ಟೇ ಅಲ್ವಾ? ಮೂರು ಸಂಜೆ ಹಿಡಿಯಿತು. ಅದರಲ್ಲಿ ಎರಡು ಸಂಜೆ ಪೂರ್ತಿ ನಾನು ಟ್ಯಾಬನ್ನೇ ಬೈದುಕೊಂಡು ಕೂತಿದ್ದೆ, ತಪ್ಪು ಮಾತ್ರ ಅದರದ್ದಾಗಿರಲಿಲ್ಲ.

ನಮ್ಮನೆ ವೈಫೈ ಹೆಸರು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆಯೇ ಕಾಣುತ್ತಿತ್ತು. ಸಿಗ್ನಲ್ ಕೂಡ ಫುಲ್. ಪಾಸ್‌ವರ್ಡ್ ಹಾಕಿದೆ. ‘ಕನೆಕ್ಟ್ ಆಗುತ್ತಿದೆ’ ಅಂತ ಬಂತು, ಎರಡು ಸೆಕೆಂಡ್ ಚಕ್ರ ತಿರುಗಿತು, ಆಮೇಲೆ ಹೆಸರಿನ ಕೆಳಗೆ ‘ಸೇವ್ ಆಗಿದೆ’ ಅಂತ ತೋರಿಸಿ ಸುಮ್ಮನಾಯಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಪಾಸ್‌ವರ್ಡ್ ತಪ್ಪು ಅಂತಾದರೂ ಹೇಳಿದ್ದರೆ ಜಗಳಕ್ಕೆ ಒಂದು ದಾರಿ ಇರುತ್ತಿತ್ತು. ಹೀಗೆ ಏನೂ ಹೇಳದೆ ಮುಖ ತಿರುಗಿಸಿದರೆ ಏನು ಮಾಡುವುದು?

“ಪಾಸ್‌ವರ್ಡ್ ಸರಿಯಾಗಿ ಹಾಕಿದ್ಯೇನೋ?” ಅಂತ ಅಮ್ಮ ಕೇಳಿದಳು.

ಹಾಕಿದ್ದೆ. ಆದರೂ ಕಣ್ಣಿನ ಗುರುತು ಒತ್ತಿ ಅಕ್ಷರ ಅಕ್ಷರ ನೋಡಿದೆ. ಇದನ್ನು ಯಾರೂ ಬಿಡಬೇಡಿ, ಯಾಕಂದರೆ ಕೀಬೋರ್ಡ್ ತಾನಾಗಿಯೇ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು, ಎಲ್ಲಿಂದಲೋ ಕಾಪಿ ಮಾಡಿ ತಂದಾಗ ಕೊನೆಗೆ ಒಂದು ಖಾಲಿ ಜಾಗ ಅಂಟಿಕೊಂಡು ಬರುವುದು, ಸೊನ್ನೆಗೂ ‘ಓ’ ಅಕ್ಷರಕ್ಕೂ ವ್ಯತ್ಯಾಸವೇ ಕಾಣದಿರುವುದು, ಇವೆಲ್ಲ ದಿನಾ ಆಗುವಂಥವು. ನನ್ನದು ಸರಿಯಾಗಿಯೇ ಇತ್ತು. ಟ್ಯಾಬ್ ಆಫ್ ಮಾಡಿ ಆನ್ ಮಾಡಿದೆ. ನೆಟ್‌ವರ್ಕ್ ‘ಫರ್ಗೆಟ್’ ಮಾಡಿ ಮೊದಲಿಂದ ಸೇರಿಸಿದೆ. ರೌಟರಿನ ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿದೆ. ಫೋನು, ಲ್ಯಾಪ್‌ಟಾಪ್, ಟಿವಿ ಎಲ್ಲ ಓಡೋಡಿ ಬಂದು ಸೇರಿಕೊಂಡವು. ಟ್ಯಾಬ್ ಮಾತ್ರ ಬಾಗಿಲಲ್ಲೇ ನಿಂತಿತ್ತು.

ಇಲ್ಲಿ ಒಂದು ಕೆಲಸ ಮಾಡಿದೆ. ಮೊದಲೇ ಮಾಡಬೇಕಿತ್ತು. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಟ್ಯಾಬನ್ನು ಅದಕ್ಕೆ ಸೇರಿಸಿದೆ. ಮೂರೇ ಸೆಕೆಂಡು, ಕನೆಕ್ಟ್ ಆಯಿತು, ಪೇಜೂ ತೆರೆಯಿತು. ಅಲ್ಲಿಗೆ ಅರ್ಧ ತಲೆನೋವು ಇಳಿಯಿತು. ಟ್ಯಾಬಿನ ವೈಫೈ ಕೆಟ್ಟಿಲ್ಲ. ಬೇರೆಲ್ಲ ಸಾಧನಗಳು ಓಡುತ್ತಿವೆ ಅಂದಮೇಲೆ ರೌಟರೂ ಕೆಟ್ಟಿಲ್ಲ. ಅಂದರೆ ಇವೆರಡರ ನಡುವೆ ಏನೋ ಹೊಂದಾಣಿಕೆ ಆಗುತ್ತಿಲ್ಲ. ಈ ಒಂದು ಪರೀಕ್ಷೆ ಮಾಡದೆ ಟ್ಯಾಬನ್ನು ವಾಪಸ್ ಕೊಡಲು ಹೊರಡುವವರು ಎಷ್ಟು ಜನ ಇದ್ದಾರೋ ಏನೋ, ನಾನೂ ಡಬ್ಬಕ್ಕೆ ಮತ್ತೆ ಟೇಪ್ ಹಚ್ಚುವುದರಲ್ಲಿದ್ದೆ. ಒಂದು ಎಚ್ಚರಿಕೆ ಮಾತ್ರ: ಹೊಸ ಟ್ಯಾಬಿಗೆ ಇಂಟರ್ನೆಟ್ ಸಿಕ್ಕಿದ ಕೂಡಲೇ ಅಪ್‌ಡೇಟ್‌ಗಳನ್ನೆಲ್ಲ ಎಳೆದುಕೊಳ್ಳಲು ಶುರು ಮಾಡುತ್ತದೆ. ನಾನು ನೀರು ಕುಡಿದು ಬರುವಷ್ಟರಲ್ಲಿ ನನ್ನ ಮೊಬೈಲ್ ಡೇಟಾ ಒಳ್ಳೆ ಪಾಲು ನುಂಗಿತ್ತು. ಪರೀಕ್ಷೆ ಮುಗಿದ ತಕ್ಷಣ ಹಾಟ್‌ಸ್ಪಾಟ್ ಆಫ್ ಮಾಡಿ.

ಎರಡನೇ ಸಂಜೆ ರೌಟರಿನ ಒಳಗೆ ಹೊಕ್ಕೆ. ಬ್ರೌಸರಿನಲ್ಲಿ 192.168.1.1 ಅಂತ ಹೊಡೆದರೆ ಅದರ ಸೆಟ್ಟಿಂಗ್ಸ್ ಪೇಜ್ ಬರುತ್ತದೆ. ಕೆಲವು ರೌಟರ್‌ಗಳಲ್ಲಿ ಅದು 192.168.0.1 ಇರುತ್ತದೆ. ನಿಮ್ಮದು ಯಾವುದು ಗೊತ್ತಿಲ್ಲದಿದ್ದರೆ, ಕನೆಕ್ಟ್ ಆಗಿರುವ ಫೋನಿನ ವೈಫೈ ವಿವರದಲ್ಲಿ ‘ಗೇಟ್‌ವೇ’ ಅಥವಾ ‘ರೌಟರ್’ ಅಂತ ಇರುವ ಸಂಖ್ಯೆಯೇ ಅದು. ಅಲ್ಲಿ ಕೇಳುವ ಪಾಸ್‌ವರ್ಡ್ ವೈಫೈ ಪಾಸ್‌ವರ್ಡ್ ಅಲ್ಲ, ಬೇರೆಯದು. ಸಾಮಾನ್ಯವಾಗಿ ರೌಟರಿನ ತಳದ ಸ್ಟಿಕ್ಕರ್ ಮೇಲೆ ಬರೆದಿರುತ್ತದೆ. ನಾನು ಬುದ್ಧಿವಂತ, ಅದನ್ನು ಬದಲಾಯಿಸಿ ಎಲ್ಲೋ ಬರೆದಿಟ್ಟಿದ್ದೆ. ಆ ‘ಎಲ್ಲೋ’ ಎಲ್ಲಿ ಅಂತ ಹುಡುಕಲು ಮುಕ್ಕಾಲು ಗಂಟೆ ಬೇಕಾಯಿತು.

ಒಳಗೆ ಹೋಗಿ ಒಂದೊಂದೇ ಪೇಜ್ ತಿರುವುತ್ತಿದ್ದಾಗ ‘ಮ್ಯಾಕ್ ಫಿಲ್ಟರ್’ ಅನ್ನುವುದು ಕಣ್ಣಿಗೆ ಬಿತ್ತು. ಮ್ಯಾಕ್ ಅಡ್ರೆಸ್ ಅಂದರೆ ಸಾಧನ ವೈಫೈಗೆ ತೋರಿಸುವ ಗುರುತಿನ ಸಂಖ್ಯೆ, ಅದನ್ನು ನೋಡಿ ಒಳಗೆ ಬಿಡುವ ಈ ಫಿಲ್ಟರ್ ಆನ್ ಆಗಿತ್ತು. ಕೆಳಗೆ ಐದು ಅಡ್ರೆಸ್‌ಗಳ ಪಟ್ಟಿ. ಇವಕ್ಕೆ ಮಾತ್ರ ಪ್ರವೇಶ, ಉಳಿದವಕ್ಕೆ ಇಲ್ಲ. ಯಾರು ಹಾಕಿದ್ದು? ಇನ್ಯಾರು, ನಾನೇ! ಯಾವಾಗಲೋ ಒಮ್ಮೆ ಭದ್ರತೆಯ ಹುಚ್ಚು ಹತ್ತಿದಾಗ, ಆಗ ಕನೆಕ್ಟ್ ಆಗಿದ್ದ ಸಾಧನಗಳಿಗೆಲ್ಲ ಟಿಕ್ ಹಾಕಿ ಸೇರಿಸಿ ಮರೆತೇಬಿಟ್ಟಿದ್ದೆ.

ಸರಿ, ಕಾರಣ ಸಿಕ್ಕಿತಲ್ಲ ಅಂತ ಟ್ಯಾಬಿನ ಸೆಟ್ಟಿಂಗ್ಸಿನಲ್ಲಿ ‘ಟ್ಯಾಬ್ ಬಗ್ಗೆ’ ಅನ್ನುವ ಪೇಜಿಗೆ ಹೋಗಿ, ಅಲ್ಲಿದ್ದ ವೈಫೈ ಮ್ಯಾಕ್ ಅಡ್ರೆಸ್ಸನ್ನು ನೋಡಿ, ಹನ್ನೆರಡೂ ಅಂಕಿ-ಅಕ್ಷರಗಳನ್ನು ಜೋಡಿ ಜೋಡಿಯಾಗಿ ರೌಟರಿನ ಪಟ್ಟಿಗೆ ಹಾಕಿ, ಸೇವ್ ಒತ್ತಿ, ಗೆದ್ದೆ ಅನ್ನುವ ಮುಖ ಮಾಡಿಕೊಂಡು ಟ್ಯಾಬ್ ಕನೆಕ್ಟ್ ಮಾಡಿದೆ. ಚಕ್ರ ತಿರುಗಿತು. ‘ಸೇವ್ ಆಗಿದೆ.’

“ಹಳೇದರಲ್ಲೇ ಕಾಲ ಕಳೀತಿತ್ತು ಕಣೋ, ಬಿಡು” ಅಂದಳು ಅಮ್ಮ.

ಸೇರಿಸಿದ ಅಡ್ರೆಸ್ಸಿನಲ್ಲಿ ತಪ್ಪಿದೆಯಾ ಅಂತ ಮೂರು ಸಲ ಹೋಲಿಸಿ ನೋಡಿದೆ. ತಪ್ಪಿರಲಿಲ್ಲ. ಆಮೇಲೆ ಸುಮ್ನೆ ಟ್ಯಾಬಿನಲ್ಲಿ ನಮ್ಮ ವೈಫೈ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿದಾಗ ಅಲ್ಲಿ ಇನ್ನೊಂದು ಮ್ಯಾಕ್ ಅಡ್ರೆಸ್ ಇತ್ತು. ನಾನು ಬರೆದುಕೊಂಡದ್ದಲ್ಲ, ಬೇರೆಯದೇ! ಒಂದೇ ಟ್ಯಾಬು, ಎರಡು ಅಡ್ರೆಸ್ಸು.

ವಿಷಯ ಏನಪ್ಪಾ ಅಂದರೆ, ಪ್ರತಿ ಸಾಧನಕ್ಕೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ಮ್ಯಾಕ್ ಅಡ್ರೆಸ್ ಇರುತ್ತದೆ. ಹೋದಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರೆ ಈ ಸಾಧನ ಎಲ್ಲೆಲ್ಲಿ ಓಡಾಡಿತು ಅಂತ ಬೇರೆಯವರು ಹಿಂಬಾಲಿಸಬಹುದು. ಅದಕ್ಕೇ 2019ರ ಆಂಡ್ರಾಯ್ಡ್ 10ರಿಂದ ಸಾಧನವೇ ಒಂದೊಂದು ವೈಫೈಗೆ ಒಂದೊಂದು ಸುಳ್ಳು ಅಡ್ರೆಸ್ ಹುಟ್ಟಿಸಿಕೊಂಡು ಅದನ್ನೇ ತೋರಿಸುತ್ತದೆ. ಐಪ್ಯಾಡ್‌ಗಳಲ್ಲಿ ಇದು 2020ರ ಐಪ್ಯಾಡ್‌ಓಎಸ್ 14ರಲ್ಲಿ ಬಂತು. ಗುರುತು ಹಿಡಿಯುವುದೂ ಸುಲಭ. ಅಡ್ರೆಸ್ಸಿನ ಎರಡನೇ ಸ್ಥಾನದಲ್ಲಿ 2, 6, ‘ಎ’ ಅಥವಾ ‘ಇ’ ಇದ್ದರೆ ಅದು ಕಾರ್ಖಾನೆಯದ್ದಲ್ಲ, ಆಮೇಲೆ ಇಟ್ಟುಕೊಂಡದ್ದು. ನಮ್ಮದರಲ್ಲಿ ‘ಎ’ ಇತ್ತು. ನಾನು ರೌಟರಿಗೆ ಕೊಟ್ಟದ್ದು ಟ್ಯಾಬಿನ ಹುಟ್ಟುಹೆಸರು, ಅದು ಬಾಗಿಲಲ್ಲಿ ಹೇಳುತ್ತಿದ್ದದ್ದು ಅಡ್ಡಹೆಸರು. ಒಳಗೆ ಬಿಡುವುದಾದರೂ ಹೇಗೆ?

ದಾರಿ ಎರಡು. ಗೇರ್ ಗುರುತಿನ ಒಳಗೆ ‘ಪ್ರೈವಸಿ’ ಅಂತ ಇರುವಲ್ಲಿ ಈ ಒಂದು ವೈಫೈಗೆ ಮಾತ್ರ ಸಾಧನದ ಅಸಲಿ ಅಡ್ರೆಸ್ ಬಳಸು ಅಂತ ಹೇಳಬಹುದು. ಇಲ್ಲವಾದರೆ ಫಿಲ್ಟರನ್ನೇ ತೆಗೆದುಹಾಕಬಹುದು. ನಾನು ತೆಗೆದೇಹಾಕಿದೆ. ಯಾಕಂದರೆ ಅದು ಭದ್ರತೆಯೇ ಅಲ್ಲ. ವೈಫೈಯಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿ ಹೋದರೂ ಮ್ಯಾಕ್ ಅಡ್ರೆಸ್ ಮಾತ್ರ ಗಾಳಿಯಲ್ಲಿ ಬಹಿರಂಗವಾಗಿಯೇ ಹಾರುತ್ತಿರುತ್ತದೆ. ಕದಿಯುವವನು ಅದನ್ನು ಕೇಳಿಸಿಕೊಂಡು ಹಾಗೇ ನಕಲು ಮಾಡಬಹುದು. ಕಳ್ಳನಿಗೆ ತಡೆಯಿಲ್ಲ, ನಮ್ಮಮ್ಮನಿಗೆ ಮಾತ್ರ ತಡೆ. 2004ರಿಂದ ಇರುವ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಅನ್ನುವ ವೈಫೈ ಭದ್ರತೆಯ ವಿಧಾನ, ಜೊತೆಗೆ ಉದ್ದನೆಯ ಪಾಸ್‌ವರ್ಡ್, ಮನೆಗೆ ಇಷ್ಟು ಸಾಕು.

ಟ್ಯಾಬ್ ಸೇರಿಕೊಂಡಿತು. ಅಮ್ಮ ತನ್ನ ಕೋಣೆಗೆ ತೆಗೆದುಕೊಂಡು ಹೋದಳು. ಹತ್ತು ನಿಮಿಷಕ್ಕೆ ವಾಪಸ್ ಬಂದಳು. “ನಿಂತು ನಿಂತು ಬರ್ತಿದೆ ನೋಡು.”

ಹಾಲ್‌ನಲ್ಲಿ ಚೆನ್ನಾಗಿ ಓಡುತ್ತದೆ, ಅಮ್ಮನ ಕೋಣೆಯಲ್ಲಿ ಕೂತರೆ ವಿಡಿಯೋ ಗಂಟಲು ಕಟ್ಟಿದ ಹಾಗೆ. ಸಿಗ್ನಲ್ ಅಳೆಯುವ ಒಂದು ಆಪ್ ಹಾಕಿ ನೋಡಿದೆ. ಹಾಲ್‌ನಲ್ಲಿ ಮೈನಸ್ 48 ಡಿಬಿಎಂ, ಕೋಣೆಯಲ್ಲಿ ಮೈನಸ್ 78. ಡಿಬಿಎಂ ಅಂದರೆ ಸಿಗ್ನಲ್ಲಿನ ಶಕ್ತಿಯ ಅಳತೆ, ಮೈನಸ್ ಹೆಚ್ಚಿದಷ್ಟೂ ಸಿಗ್ನಲ್ ಕಮ್ಮಿ. ನೋಡಲು ಮೂವತ್ತೇ ವ್ಯತ್ಯಾಸ. ಆದರೆ ಈ ಲೆಕ್ಕದಲ್ಲಿ ಹತ್ತು ಇಳಿದರೆ ಸಿಗ್ನಲ್ಲಿನ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ, ಮೂವತ್ತು ಇಳಿದರೆ ಸಾವಿರದಲ್ಲಿ ಒಂದು ಪಾಲು. ನಡುವೆ ಎರಡು ಗೋಡೆ, ಒಂದು ಕನ್ನಡಿ ಇರುವ ಬೀರು. ಕನ್ನಡಿಯ ಹಿಂದಿನ ಲೋಹದ ಲೇಪ ರೇಡಿಯೋ ಅಲೆಗಳನ್ನು ಚೆನ್ನಾಗಿಯೇ ಹಿಂದಕ್ಕೆ ತಳ್ಳುತ್ತದೆ.

ರೌಟರ್ ಎರಡು ಬ್ಯಾಂಡಿನಲ್ಲಿ ಮಾತಾಡುತ್ತದೆ ಅಂತ ನಿಮಗೆ ಗೊತ್ತಿರಬಹುದು. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ಕಂಡರೆ ಸುಸ್ತು. 2.4 ನಿಧಾನ, ಆದರೆ ಗೋಡೆ ದಾಟಿ ಬರುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ಯಾವುದನ್ನು ಹಿಡಿಯಬೇಕು ಅಂತ ಟ್ಯಾಬೇ ತೀರ್ಮಾನ ಮಾಡಿಕೊಳ್ಳುತ್ತದೆ. ನಮ್ಮದು ಹಾಲ್‌ನಲ್ಲಿ 5 ಹಿಡಿದದ್ದನ್ನು ಕೋಣೆಗೆ ಹೋದಮೇಲೂ ಹಟ ಹಿಡಿದು ಬಿಡುತ್ತಲೇ ಇರಲಿಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಟ್ಯಾಬಿಗೆ 2.4 ಮಾತ್ರ ಕಲಿಸಿ, 5ನ್ನು ‘ಫರ್ಗೆಟ್’ ಮಾಡಿಸಿದೆ. ಕೋಣೆಯಲ್ಲಿ ಮೈನಸ್ 64 ಬಂತು. ವಿಡಿಯೋ ಕಾಲ್‌ಗೆ ಧಾರಾಳ ಸಾಕು.

2.4ರಲ್ಲಿ ಇನ್ನೊಂದು ತಾಪತ್ರಯ ಇದೆ, ಅಲ್ಲಿ ಸಂತೆ. ಅಕ್ಕಪಕ್ಕದ ಮನೆಯವರ ರೌಟರುಗಳು, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಅದೇ ಜಾಗದಲ್ಲಿ ಗಲಾಟೆ ಮಾಡುತ್ತವೆ. ಈ ಬ್ಯಾಂಡನ್ನು ಚಾನೆಲ್ ಅನ್ನುವ ಓಣಿಗಳಾಗಿ ಹಂಚಿದ್ದಾರೆ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಮೂರೇ. ನಮ್ಮ ಸುತ್ತ ಎಲ್ಲರೂ 6ರಲ್ಲಿ ಕೂತಿದ್ದರು, ನಾನು 11ಕ್ಕೆ ಎದ್ದು ಹೋದೆ. 12, 13 ಖಾಲಿ ಇವೆ ಅಂತ ಆಸೆಪಟ್ಟು ಅಲ್ಲಿಗೆ ಹೋಗಬೇಡಿ. ಕೆಲವು ಸಾಧನಗಳಿಗೆ ಆ ಚಾನೆಲ್‌ಗಳು ಕಾಣುವುದೇ ಇಲ್ಲ, ನಿಮ್ಮ ವೈಫೈ ಹೆಸರೇ ಪಟ್ಟಿಯಿಂದ ಮಾಯವಾಗುತ್ತದೆ.

ನನ್ನ ಕೇಸು ಹೀಗಾಯಿತು. ನಿಮ್ಮದು ಬೇರೆ ಇರಬಹುದು. ಕನೆಕ್ಟ್ ಆಗಿದೆ ಅಂತ ತೋರಿಸುತ್ತದೆ, ಆದರೆ ಪೇಜ್ ತೆರೆದರೆ ಭದ್ರತೆಯ ಎಚ್ಚರಿಕೆಗಳೇ ಬರುತ್ತವೆ ಅಂದರೆ ಮೊದಲು ಟ್ಯಾಬಿನ ತಾರೀಖು ನೋಡಿ. ಬ್ಯಾಟರಿ ಪೂರ್ತಿ ಬತ್ತಿ ಎದ್ದ ಟ್ಯಾಬುಗಳು ಯಾವುದೋ ಹಳೇ ವರ್ಷದಲ್ಲಿ ನಿಂತಿರುತ್ತವೆ, ತಾರೀಖು ತಪ್ಪಿದ್ದರೆ ಸೈಟುಗಳು ಅಸಲಿ ಅಂತ ತೋರಿಸುವ ಸರ್ಟಿಫಿಕೇಟ್ ಹೊಂದುವುದಿಲ್ಲ. ವೈಫೈ ವಿವರದಲ್ಲಿ ಐಪಿ ಅಡ್ರೆಸ್ (ಸಾಧನಕ್ಕೆ ರೌಟರ್ ಕೊಡುವ ಸಂಖ್ಯೆ) 169.254 ಅಂತ ಶುರುವಾದರೆ ರೌಟರ್ ಅಡ್ರೆಸ್ ಕೊಟ್ಟೇ ಇಲ್ಲ ಅಂತ ಅರ್ಥ, ಟ್ಯಾಬ್ ಕಾದು ಕಾದು ತಾನೇ ಒಂದು ಇಟ್ಟುಕೊಂಡಿದೆ. ಆಗ ರೌಟರ್ ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಐಪಿ ಸರಿ ಇದ್ದೂ ಏನೂ ತೆರೆಯದಿದ್ದರೆ ಇಂಟರ್ನೆಟ್ಟನ್ನು ಬೇರೆ ದಾರಿಯಿಂದ ಕಳಿಸುವ ವಿಪಿಎನ್ ಅಥವಾ ಸೈಟುಗಳ ವಿಳಾಸ ಹುಡುಕಿಕೊಡುವ ‘ಪ್ರೈವೇಟ್ ಡಿಎನ್‌ಎಸ್’ ಆನ್ ಇದೆಯಾ ನೋಡಿ, ಆಫ್ ಮಾಡಿ ಒಮ್ಮೆ ಪ್ರಯತ್ನಿಸಿ. ‘ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್’ ಅನ್ನುವುದನ್ನು ಎಲ್ಲರೂ ಮೊದಲು ಹೇಳುತ್ತಾರೆ, ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಸೇವ್ ಆದ ವೈಫೈ ಪಾಸ್‌ವರ್ಡ್‌ಗಳೂ ಬ್ಲೂಟೂತ್ ಜೋಡಣೆಗಳೂ ಎಲ್ಲ ಹೋಗುತ್ತವೆ. ಹೋದರೂ ಪರವಾಗಿಲ್ಲ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲವಲ್ಲ, ಅದು ನನಗೆ ಆಗಿಬರುವುದಿಲ್ಲ.

ಮೂರನೇ ಸಂಜೆ ಎಲ್ಲ ಸರಿಹೋಯಿತು ಅಂತ ಕಾಲು ಚಾಚಿ ಕೂತಿದ್ದೆ. ಏನೋ ಪ್ರಿಂಟ್ ತೆಗೆಯಬೇಕಿತ್ತು, ಪ್ರಿಂಟರ್ ಆಫ್‌ಲೈನ್ ಅಂತ ಬಂತು. ಮತ್ತೆ ಒತ್ತಿದೆ. ಮತ್ತೆ ಒತ್ತಿದೆ. ಸ್ವಲ್ಪ ಹೊತ್ತು ಪ್ರಿಂಟರನ್ನು ಬೈದೆ, ಅಭ್ಯಾಸ ನೋಡಿ. ಆಮೇಲೆ ಹೊಳೆಯಿತು. ಹೆಸರು ಬೇರೆ ಮಾಡುವಾಗ ಹಳೇ ಹೆಸರನ್ನು 5ಕ್ಕೆ ಉಳಿಸಿ 2.4ಕ್ಕೆ ಹೊಸ ಹೆಸರು ಕೊಟ್ಟಿದ್ದೆ. ನಮ್ಮ ಪ್ರಿಂಟರಿಗೆ 2.4 ಬಿಟ್ಟು ಬೇರೆ ಗೊತ್ತಿಲ್ಲ, ಹಳೇ ಹೆಸರು ಬಿಟ್ಟು ಬೇರೆ ಕಲಿಸಿಲ್ಲ. ಪಾಪ, ಅದು ಹಳೇ ಹೆಸರನ್ನು ಹುಡುಕುತ್ತಾ ಕೂತಿತ್ತು.

ಹೆಸರುಗಳನ್ನು ಅದಲು ಬದಲು ಮಾಡಿದೆ. ಹಳೇದು 2.4ಕ್ಕೆ, ಹೊಸದು 5ಕ್ಕೆ. ಅಮ್ಮನ ಟ್ಯಾಬಿಗೆ ಮತ್ತೊಮ್ಮೆ ಹೆಸರು ಕಲಿಸಿದೆ. ಒಂದು ನಿಮಿಷ ಬಿಟ್ಟು ಪ್ರಿಂಟರ್ ಗರಗರ ಅಂತ ಎದ್ದು, ನಾನು ಒತ್ತಿದ್ದ ಅಷ್ಟೂ ಸಲದ ಲೆಕ್ಕ ಇಟ್ಟುಕೊಂಡು, ಒಂದೇ ಹಾಳೆಯ ಮೂರು ಪ್ರತಿ ಸಾಲಾಗಿ ಕೊಟ್ಟಿತು.