ಕಂಪನಿಗೆ ಕೋಟಿಗಟ್ಟಲೆ ದಂಡ ಹಾಕಿದ್ರೆ ನಮಗೇನ್ ಬಂತು?

ದೊಡ್ಡ ಕಂಪನಿಗೆ ದಂಡ ಬಿತ್ತು ಅಂತ ನ್ಯೂಸ್ ಬಂದಾಗೆಲ್ಲ ನನ್ನನ್ನ ಕೇಳೋದು ಇದೇ: ದುಡ್ಡು ಸರ್ಕಾರದ ಖಜಾನೆಗೆ ಹೋಗುತ್ತೆ, ಕಂಪನಿಯವ್ರು ರೇಟ್ ಏರಿಸಿ ಅದನ್ನ ನಮ್ ಹತ್ರನೇ ವಸೂಲಿ ಮಾಡ್ತಾರೆ, ಗ್ರಾಹಕನಿಗೆ ಏನ್ ಸಿಕ್ತು?

ದಂಡದ ಮೊತ್ತ ಪಕ್ಕಕ್ಕಿಡಿ, ಆದೇಶದಲ್ಲಿ ಇನ್ನೇನಿದೆ ನೋಡಿ ಅಂತೀನಿ ನಾನು. ಹೆಡ್‌ಲೈನಲ್ಲಿ ಬರೋದು ಮೊತ್ತ ಮಾತ್ರ. ಏನ್ ನಿಲ್ಲಿಸ್ಬೇಕು, ಏನ್ ಬದಲಾಯಿಸ್ಬೇಕು, ಯಾರಿಗೆ ದುಡ್ಡು ವಾಪಸ್ ಕೊಡ್ಬೇಕು, ನಮಗೆ ಬೇಕಾಗಿರೋದು ಅದು.

ಅಮೆಜಾನ್ ಪ್ರೈಮ್ ಕೇಸ್ ತಗೊಳ್ಳಿ. ಜನರನ್ನ ಸರಿಯಾಗಿ ಕೇಳದೇನೇ ಪ್ರೈಮ್‌ಗೆ ಸೇರಿಸ್ಕೊಂಡು, ಬಿಡ್ತೀನಿ ಅಂದ್ರೆ ಸತಾಯಿಸ್ತಾರೆ ಅಂತ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಕೋರ್ಟಿಗೆ ಹೋಯ್ತು. ಅದರ ದೂರಿನ ಪ್ರಕಾರ ಕ್ಯಾನ್ಸಲ್ ಮಾಡೋಕೆ 4 ಪೇಜ್, 6 ಕ್ಲಿಕ್, 15 ಆಯ್ಕೆ ದಾಟ್ಬೇಕಿತ್ತು, ಕಂಪನಿ ಒಳಗೆ ಈ ದಾರಿಗೆ ಇಟ್ಕೊಂಡಿದ್ದ ಹೆಸರು 'ಇಲಿಯಡ್', ಟ್ರೋಜನ್ ಯುದ್ಧದ ಆ ಉದ್ದನೆಯ ಮಹಾಕಾವ್ಯದ್ದು! ಓದಿದಾಗ ನಿಜಕ್ಕೂ ಸಿಟ್ಟು ಬಂತು. 2025ರ ಸೆಪ್ಟೆಂಬರಲ್ಲಿ 250 ಕೋಟಿ ಡಾಲರ್‌ಗೆ ರಾಜಿ ಆಯ್ತು, ಕಂಪನಿ ತಪ್ಪು ಒಪ್ಕೊಳ್ಳಲಿಲ್ಲ. ಆದ್ರೆ ಅದ್ರಲ್ಲಿ ದಂಡ 100 ಕೋಟಿ ಮಾತ್ರ, ಮಿಕ್ಕ 150 ಕೋಟಿ ಗ್ರಾಹಕರಿಗೇ ವಾಪಸ್, ಜೊತೆಗೆ ಪ್ರೈಮ್ ಬೇಡ ಅನ್ನೋಕೆ ಸ್ಪಷ್ಟವಾದ ಬಟನ್ ಇಡ್ಬೇಕು, ಬಿಡೋದು ಸುಲಭ ಇರ್ಬೇಕು.

ಇನ್ನು ರೇಟ್ ಏರಿಸ್ತಾರೆ ಅನ್ನೋ ಮಾತು. ಏರಿಸಿ ದಕ್ಕಿಸ್ಕೊಳ್ಳೋ ಹಾಗಿದ್ರೆ ದಂಡ ಬೀಳೋವರೆಗೂ ಯಾಕ್ ಕಾಯ್ತಾರೆ, ಮೊದ್ಲೇ ಏರಿಸಿರ್ತಿದ್ರು. ಎದುರಾಳಿ ಇದ್ದಾಗ ಏರಿಸಿದ್ರೆ ಗಿರಾಕಿ ಕೈ ತಪ್ಪುತ್ತೆ. ಎದುರಾಳಿಗಳೇ ಒಳಗೊಳಗೆ ಕೈ ಜೋಡಿಸಿದ್ರೆ ಮಾತ್ರ ಕಷ್ಟ, ಅದನ್ನ ಮುರಿಯೋಕೇ ಸ್ಪರ್ಧಾ ಕಾನೂನು ಇರೋದು.

ಯುರೋಪಿನ ಟ್ರಕ್ ಕಂಪನಿಗಳು 1997ರಿಂದ 2011ರ ತನಕ, ಹದಿನಾಲ್ಕು ವರ್ಷ, ಬೆಲೆ ಮಾತಾಡ್ಕೊಂಡು ಇಟ್ವು. ಇಂಥದ್ದು ಹೊರಗಿನವ್ರಿಗೆ ಕಾಣೋದೇ ಇಲ್ಲ, ಅದಕ್ಕೇ ಮೊದಲು ಬಂದು ಗುಟ್ಟು ಬಿಟ್ಟುಕೊಟ್ಟವ್ರಿಗೆ ದಂಡ ಮಾಫಿ ಅಂತ ನಿಯಮ ಇದೆ. ಮ್ಯಾನ್ ಕಂಪನಿ ಹಾಗೆ ಬಾಯಿಬಿಟ್ಟು ಸುಮಾರು 120 ಕೋಟಿ ಯುರೋ ಉಳಿಸ್ಕೊಂಡಿತು, ಬೇರೆ ನಾಲ್ಕು ಕಂಪನಿಗಳ ಮೇಲೆ 2016ರಲ್ಲಿ ಯುರೋಪಿಯನ್ ಕಮಿಷನ್, ಅಂದ್ರೆ ಯುರೋಪಿಯನ್ ಒಕ್ಕೂಟದಲ್ಲಿ ಸ್ಪರ್ಧಾ ಕಾನೂನು ಜಾರಿ ಮಾಡೋ ಸಂಸ್ಥೆ, ಒಟ್ಟು 293 ಕೋಟಿ ಯುರೋ ದಂಡ ಹಾಕಿತು. ಕಳ್ಳನಿಗೇ ಕ್ಷಮೆನಾ ಅಂತ ನಿಮಗೆ ಅನ್ನಿಸಬಹುದು, ಆದ್ರೆ ಒಬ್ಬ ಬಾಯಿಬಿಡಬಹುದು ಅನ್ನೋ ಭಯ ಇದ್ರೇನೇ ಈ ಕೂಟ ಒಡೆಯೋದು ಅಂತ ನನ್ನ ನಂಬಿಕೆ. ಆ ದಂಡ ಖಜಾನೆಗೇ ಹೋಯ್ತು ನಿಜ, ಆದ್ರೆ ಅದೇ ಆದೇಶ ಹಿಡ್ಕೊಂಡು ಟ್ರಕ್ ಕೊಂಡವ್ರು ಬೇರೆ ಬೇರೆ ದೇಶಗಳ ಕೋರ್ಟಲ್ಲಿ ಪರಿಹಾರಕ್ಕೆ ದಾವೆ ಹಾಕಿದ್ರು, ತಪ್ಪು ನಡೆದಿದೆ ಅಂತ ಮತ್ತೆ ಸಾಬೀತು ಮಾಡೋ ಹೊರೆ ಅವರಿಗಿರಲಿಲ್ಲ.

ನನಗೆ ನಿಜವಾಗ್ಲೂ ಬೇಜಾರಿರೋದು ವಿಳಂಬದ ಬಗ್ಗೆ. ಬ್ರಿಟನ್ನಿನ ಫೌಂಡೆಮ್ ಅನ್ನೋ ಬೆಲೆ ಹೋಲಿಸೋ ಸೈಟಿನವ್ರು, ಗೂಗಲ್ ಸರ್ಚಲ್ಲಿ ನಮ್ಮನ್ನ ಕೆಳಗೆ ತಳ್ಳಿದ್ದಾರೆ ಅಂತ 2009ರಲ್ಲಿ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ರು. 242 ಕೋಟಿ ಯುರೋ ದಂಡ ಹಾಕಿದ್ದು 2017ರಲ್ಲಿ, ಕೊನೇ ಮೇಲ್ಮನವಿ ಮುಗಿದಿದ್ದು 2024ರ ಸೆಪ್ಟೆಂಬರಲ್ಲಿ. ಸೈಟ್ 2016ರಲ್ಲೇ ಬಾಗಿಲು ಹಾಕಿತ್ತು. ಗೆದ್ದು ಏನ್ ಮಾಡೋದು ಹೇಳಿ.

ಅದಕ್ಕೇ ಮಧ್ಯಂತರ ಆದೇಶ ಜಾಸ್ತಿ ಬರ್ಬೇಕು ಅಂತೀನಿ, ಅಂದ್ರೆ ವಿಚಾರಣೆ ಮುಗಿಯೋಕೆ ಮುಂಚೆನೇ ಸದ್ಯಕ್ಕೆ ಇದನ್ನ ನಿಲ್ಲಿಸಿ ಅನ್ನೋದು. ಭಾರತದ ಸ್ಪರ್ಧಾ ಕಾಯ್ದೆಯ 33ನೇ ಸೆಕ್ಷನ್ನಲ್ಲೂ ಈ ಅಧಿಕಾರ ಇದೆ. ಯುರೋಪಿಯನ್ ಕಮಿಷನ್ ಸುಮಾರು ಎರಡು ದಶಕ ಬಳಸದೇ ಇದ್ದ ಈ ಅಸ್ತ್ರಾನ 2019ರ ಅಕ್ಟೋಬರಲ್ಲಿ ಚಿಪ್ ಕಂಪನಿ ಬ್ರಾಡ್‌ಕಾಮ್ ಮೇಲೆ ಬಿಟ್ಟಿತು, ನಮ್ಮ ಹತ್ರನೇ ಕೊಳ್ಳಬೇಕು ಅನ್ನೋ ಥರದ ಷರತ್ತುಗಳನ್ನ ಕೈಬಿಡಿ ಅಂತ. ವರ್ಷದೊಳಗೆ ಕಂಪನಿ ತಾನೇ ಒಪ್ಕೊಂಡು ಮುಚ್ಚಳಿಕೆ ಬರೆದುಕೊಡ್ತು, ಕೇಸ್ ಮುಗೀತು.