ಪಾವಗಡದ ಬಿಸಿಲು ಸಾಲದಾ ಅಂತ ಕೇಳುವವರಿಗೆ

ಸ್ನೇಹಿತರೆಲ್ಲ ಸೇರಿ ಮರುಭೂಮಿಯ ಒಳ್ಳೆ ರೆಸಾರ್ಟ್ ಒಂದಕ್ಕೆ ಹೊರಟಿದ್ದಾರೆ ಅಂದರೆ ಸಾಕು, ತುಮಕೂರಿನಲ್ಲಿ ಬರುವ ಪ್ರಶ್ನೆ ಒಂದೇ. "ಬಿಸಿಲು ನೋಡೋಕೆ ಅಷ್ಟು ದುಡ್ಡು ಸುರೀಬೇಕಾ? ನಮ್ಮ ಪಾವಗಡದ ಬಿಸಿಲು ಸಾಲದಾ?" ಮದುವೆ ಛತ್ರದ ಪಂಕ್ತಿಯಲ್ಲಿ ಕೇಳ್ತಾರೆ, ಬಿ.ಎಚ್. ರಸ್ತೆಯ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಕೇಳ್ತಾರೆ. ಕೇಳಿದವರು ನಗ್ತಾರೆ, ಪಕ್ಕದಲ್ಲಿದ್ದವರೂ ನಗ್ತಾರೆ, ಉತ್ತರ ಕೇಳಿಸಿಕೊಳ್ಳೋಕೆ ಮಾತ್ರ ಯಾರೂ ನಿಲ್ಲಲ್ಲ. ಗುಂಪುಗಳಿಗೆ ಇಂಥ ಪ್ರವಾಸ ಹೊಂದಿಸಿಕೊಡೋದು ನನ್ನ ಕೆಲಸ. ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದಿಡ್ತಿದ್ದೀನಿ.

ಪಾವಗಡದ ಬಿಸಿಲನ್ನು ಹಗುರವಾಗಿ ಕಾಣುವ ಮಾತೇ ಇಲ್ಲ. 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನಿಂತಿರೋದು ಆ ಬಿಸಿಲಿನ ಮೇಲೇ. ಆದರೆ ಮರುಭೂಮಿ ಬೇರೆ. ನಮ್ಮದು ಬಂಡೆ ನೆಲ. ಹಗಲೆಲ್ಲ ಕಾದ ಕಲ್ಲು ರಾತ್ರಿ ಹತ್ತಾದರೂ ಕಾವು ಬಿಡ್ತಾನೇ ಇರುತ್ತೆ. ಒಣ ಮರಳಿನಲ್ಲಿ ಶಾಖ ಒಳಕ್ಕಿಳಿಯಲ್ಲ. ಮಧ್ಯಾಹ್ನ ಕಾಲಿಡೋಕಾಗದ ಮರಳನ್ನು ಒಂದು ಗೇಣು ಬಗೆದು ನೋಡಿ, ತಣ್ಣಗಿರುತ್ತೆ. ಮೇಲೆ ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ, ಹಾಗಾಗಿ ಸೂರ್ಯ ಮುಳುಗಿದ ಕೂಡಲೇ ಕಾವು ಆಕಾಶಕ್ಕೆ ಹೊರಟುಹೋಗುತ್ತೆ. ರಾಜಸ್ಥಾನದ ಮರುಭೂಮಿಯ ಊರು ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ಬರದ ತಾಲ್ಲೂಕು ಅನ್ನಿಸಿಕೊಂಡ ಪಾವಗಡಕ್ಕೇ ಅದರ ಎರಡು ಪಟ್ಟಿಗಿಂತ ಹೆಚ್ಚು ಬೀಳುತ್ತೆ. ಒಂದೇ ದಿನದಲ್ಲಿ ಬೇಸಿಗೆ, ಚಳಿಗಾಲ ಎರಡನ್ನೂ ಕಾಣುವ ಜಾಗ ನಮ್ಮ ಜಿಲ್ಲೆಯಲ್ಲಿಲ್ಲ.

ಪ್ರಶ್ನೆಗಿಂತ ಅದರ ಧಾಟಿ ನನಗೆ ಸಿಟ್ಟು ತರಿಸುತ್ತೆ. ತಿರುಪತಿಗೆ ಗಾಡಿ ಮಾಡಿಕೊಂಡು ಹೋದರೆ ಯಾರೂ ಲೆಕ್ಕ ಕೇಳಲ್ಲ. ಐದಾರು ಜನ ಹೆಂಗಸರು, ಕಾಲೇಜಿನಿಂದ ಗೆಳತಿಯರಾಗಿರೋರು, ಮೂರು ದಿನ ಒಳ್ಳೆ ಕಡೆ ಉಳಿದು, ಎಣ್ಣೆ ಹಚ್ಚಿಸಿಕೊಂಡು, ಬೇರೆಯವರು ಮಾಡಿದ ಊಟ ಮಾಡಿ ಬರ್ತೀವಿ ಅಂದರೆ ಮಾತ್ರ ಊರಿಗೆಲ್ಲ ಅವರ ದುಡ್ಡಿನ ಚಿಂತೆ. ಅದು ಅವರು ದುಡಿದ ದುಡ್ಡು, ಅವರ ಇಷ್ಟ. ಇದಕ್ಕಿಂತ ಹೆಚ್ಚು ಹೇಳೋದಿಲ್ಲ.

ಕೇಳಲೇಬೇಕು ಅಂದರೆ ಇದನ್ನು ಕೇಳಿ: "ಹಗಲು ಹನ್ನೊಂದರಿಂದ ನಾಲ್ಕರವರೆಗೆ ಅಲ್ಲಿ ಎಲ್ಲಿರ್ತೀವಿ?" ಮರುಭೂಮಿ ಚೆನ್ನಾಗಿರೋದು ಬೆಳಗಿನ ಹೊತ್ತು, ಸಂಜೆ, ರಾತ್ರಿ. ನಡುವಿನ ಐದು ಗಂಟೆ ಕಳೆಯೋಕೆ ಜಾಗ ಬೇಕು. ದೊಡ್ಡ ರೆಸಾರ್ಟ್‌ಗೆ ಕೊಡುವ ದುಡ್ಡಿನಲ್ಲಿ ಬಹುಪಾಲು ಹೋಗೋದು ಆ ಐದು ಗಂಟೆಗೆ: ದಪ್ಪ ಕಲ್ಲಿನ ಗೋಡೆ, ನೆರಳಿನ ಅಂಗಳ, ಈಜುಕೊಳ, ಸ್ಪಾ, ಕೂತು ಉಣ್ಣುವಂಥ ರೆಸ್ಟೋರೆಂಟ್. ಅಗ್ಗದ ಕ್ಯಾಂಪ್‌ನಲ್ಲಿ ಇದ್ಯಾವುದೂ ಇರಲ್ಲ. ಕ್ಯಾನ್ವಾಸ್ ಟೆಂಟ್ ಹನ್ನೆರಡು ಗಂಟೆಗೆ ಒಲೆಯಂತಾಗುತ್ತೆ. ಒಳಗೆ ಕೂರೋಕಾಗದೆ ಗುಂಪು ಜೀಪಿನಲ್ಲಿ ಸುಮ್ಮನೆ ಅಲೆದು, ತಲೆನೋವು ಬರಿಸಿಕೊಂಡು, ಸಂಜೆಯ ಸೂರ್ಯಾಸ್ತದ ಹೊತ್ತಿಗೆ ಮಲಗಿಬಿಟ್ಟಿರುತ್ತೆ.

ಎಲ್ಲಿ ಉಳೀಬೇಕು ಅನ್ನೋದು ಯಾವ ತಿಂಗಳು ಹೋಗ್ತೀರಿ ಅನ್ನೋದರ ಮೇಲೂ ನಿಂತಿದೆ. ಹೋಗುವ ಕಾಲ ಅಕ್ಟೋಬರ್‌ನಿಂದ ಮಾರ್ಚ್. ಅದರಾಚೆ ಬೇಡ. 2016ರ ಮೇ ತಿಂಗಳಲ್ಲಿ 51 ಡಿಗ್ರಿ ದಾಖಲಾದ ಫಲೋದಿ ಇರೋದು ಜೋಧಪುರದಿಂದ ಜೈಸಲ್ಮೇರ್ ಕಡೆಗೇ. ನಮ್ಮವರು ಹೊರಡೋದು ದಸರಾ ರಜೆಗೆ. ಅಕ್ಟೋಬರ್‌ನಲ್ಲಿ ಅಲ್ಲಿ ಹಗಲು 35 ಡಿಗ್ರಿ ದಾಟುತ್ತೆ. ಆಗ ಟೆಂಟ್ ಬೇಡ, ಕಲ್ಲಿನ ಕಟ್ಟಡವೇ ಬೇಕು. ಜೈಸಲ್ಮೇರ್‌ನಿಂದ ಸಮ್ ಊರಿನ ಮರಳ ದಿಬ್ಬಗಳಿಗೆ ಹೋಗುವ ರಸ್ತೆಯ ಸೂರ್ಯಗಢದಂಥ ಕೋಟೆ ಮಾದರಿಯ ಹೋಟೆಲುಗಳು ಇದಕ್ಕೇ ಒಪ್ಪುತ್ತವೆ. ಡಿಸೆಂಬರ್, ಜನವರಿಯಲ್ಲಿ ಹಗಲು 25ರ ಆಸುಪಾಸು, ಮಧ್ಯಾಹ್ನವೂ ಕೋಟೆ, ಹವೇಲಿ ಅನ್ನುವ ಹಳೇ ದೊಡ್ಡ ಮನೆಗಳನ್ನು ಸುತ್ತಬಹುದು. ಆದರೆ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತೆ. ಟೆಂಟ್ ಆದರೆ ಹೀಟರ್ ಇದೆಯಾ, ಅದು ರಾತ್ರಿಯಿಡೀ ಓಡುತ್ತಾ ಅಥವಾ ಜನರೇಟರ್ ಆಫ್ ಆದಾಗ ನಿಲ್ಲುತ್ತಾ, ಸ್ನಾನಕ್ಕೆ ಗೀಸರ್ ಇದೆಯಾ ಇಲ್ಲ ಬಕೆಟ್ ಬಿಸಿನೀರಾ, ಇಷ್ಟನ್ನು ಬುಕಿಂಗ್‌ಗೆ ಮುಂಚೆ ಬರಹದಲ್ಲಿ ಕೇಳಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ರೇಟು ಮೇಲೇರುತ್ತೆ. ಮಾಘ ಹುಣ್ಣಿಮೆಗೆ ಜೈಸಲ್ಮೇರ್‌ನಲ್ಲಿ ಮರು ಮಹೋತ್ಸವ, ಅಂದರೆ ಮರುಭೂಮಿ ಉತ್ಸವ, ಆಗಲೂ ಹಾಗೇ. ನಕ್ಷತ್ರ ನೋಡುವ ಆಸೆ ಇದ್ದರೆ ಪಂಚಾಂಗ ತೆಗೆದು ಅಮಾವಾಸ್ಯೆಯ ಆಚೀಚೆ ನಾಲ್ಕು ದಿನ ಆರಿಸಿಕೊಳ್ಳಿ. ಹುಣ್ಣಿಮೆಯಲ್ಲಿ ಮರಳು ಬೆಳ್ಳಗೆ ಕಾಣುತ್ತೆ, ಆಕಾಶಗಂಗೆ ಕಾಣಲ್ಲ. ಎರಡೂ ಬೇಕು ಅಂದರೆ ಆಗಲ್ಲ.

ಹೋಗುವ ದಾರಿ ಬೇಗ ಹೇಳಿಬಿಡ್ತೀನಿ. ತುಮಕೂರಿನಿಂದ ವಿಮಾನ ನಿಲ್ದಾಣಕ್ಕೆ ಡಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಹೋಗಿ; ಹೆಬ್ಬಾಳದ ಸಹವಾಸ ಬೇಡ. ಜೈಸಲ್ಮೇರ್‌ಗೆ ವಿಮಾನಗಳು ಹೆಚ್ಚಾಗಿ ಚಳಿಗಾಲದಲ್ಲೇ ಇರೋದು. ಸಿಗದಿದ್ದರೆ ಜೋಧಪುರಕ್ಕೆ ಇಳಿದು ಸುಮಾರು 280 ಕಿಲೋಮೀಟರ್ ರಸ್ತೆ, ಐದು ಗಂಟೆ. ಮಧ್ಯಾಹ್ನ ಇಳಿಯುವ ವಿಮಾನ ಹಿಡಿದರೆ ಆ ದಿನ ಪೂರ್ತಿ ಕಾರಿನಲ್ಲೇ ಮುಗೀತು. ಆರು ಜನಕ್ಕೆ ಒಂದು ಇನ್ನೋವಾ ಸಾಕು ಅಂತ ಹೇಳೋರನ್ನು ನಂಬಬೇಡಿ. ಆರು ಜನ ಕೂತ ಮೇಲೆ ಆರು ದೊಡ್ಡ ಸೂಟ್‌ಕೇಸಿಗೆ ಜಾಗ ಇರಲ್ಲ. ಒಂದೋ ಟೆಂಪೋ ಟ್ರಾವೆಲರ್ ಮಾಡಿ, ಇಲ್ಲ ಸಣ್ಣ ಬ್ಯಾಗ್ ತನ್ನಿ.

"ಮರಳ ದಿಬ್ಬದ ಮಧ್ಯೆ ಟೆಂಟ್" ಅಂತ ಫೋಟೋ ತೋರಿಸ್ತಾರೆ. ಜೈಸಲ್ಮೇರ್‌ನಿಂದ 40 ಕಿಲೋಮೀಟರ್ ಆಚೆಯ ಸಮ್‌ನಲ್ಲಿ ಹೆಚ್ಚಿನ ಕ್ಯಾಂಪ್‌ಗಳು ರಸ್ತೆ ಬದಿಯಲ್ಲೇ ಸಾಲಾಗಿವೆ, ದಿಬ್ಬ ಎದುರಿಗಿರುತ್ತೆ. ರಾತ್ರಿ ಒಂದೊಂದು ಕ್ಯಾಂಪಿನ ಡಿಜೆ ಇನ್ನೊಂದಕ್ಕೆ ಕೇಳಿಸುತ್ತೆ. ಸದ್ದು ಬೇಡ ಅನ್ನೋರು ಖುರಿ ಅನ್ನುವ ಹಳ್ಳಿಯ ದಿಬ್ಬಗಳ ಕಡೆ ನೋಡಿ, ಅಥವಾ ಸಮ್‌ಗೆ ಸಂಜೆ ಮಾತ್ರ ಹೋಗಿ ಮಲಗೋಕೆ ಬೇರೆ ಕಡೆ ಬನ್ನಿ. ಜೈಸಲ್ಮೇರ್ ಕೋಟೆಯ ಒಳಗೆ ಉಳಿಯೋದು ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 1156ರಲ್ಲಿ ಕಟ್ಟಿದ ಕೋಟೆ ಅದು, ಈಗಲೂ ಜನ ವಾಸವಿದ್ದಾರೆ. ಒಳಗಿನ ಮನೆ, ಹೋಟೆಲುಗಳ ನೀರು ತಳಕ್ಕಿಳಿದು ಅಡಿಪಾಯ ಸಡಿಲವಾಗ್ತಿದೆ. ನೋಡೋಕೆ ಹೋಗಿ, ಸ್ನಾನಕ್ಕೆ ಹೊರಗೆ ಬನ್ನಿ.

ಇನ್ನೊಂದು ಸಂಗತಿ, ಅಲಾರಂ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟೋದು ಏಳು ದಾಟಿದ ಮೇಲೆ. ದೇಶದ ಪಶ್ಚಿಮದ ಗಡಿ ಭಾಗ ಅದು. ನಮ್ಮ ಲೆಕ್ಕದಲ್ಲಿ ಐದಕ್ಕೆ ಎದ್ದು ಚಳಿಯಲ್ಲಿ ನಡುಗುತ್ತಾ ಕಾಯಬೇಡಿ. ಆರೂಮುಕ್ಕಾಲಿಗೆ ದಿಬ್ಬದ ಮೇಲಿದ್ದರೆ ಸಾಕು.

ಒಂಟೆ ಹತ್ತೋರಿಗೆ: ಅದು ಏಳುವಾಗ ಮೊದಲು ಹಿಂಗಾಲು ಎತ್ತುತ್ತೆ. ಕೂತವರು ಮುಂದಕ್ಕೆ ಬೀಳುವಂತಾಗುತ್ತೆ. ಆಗ ಮೈಯನ್ನು ಹಿಂದಕ್ಕೆ ವಾಲಿಸಿ ಜೀನಿನ ಹಿಡಿಕೆ ಗಟ್ಟಿಯಾಗಿ ಹಿಡೀಬೇಕು. ಕೂರುವಾಗ ಮುಂಗಾಲು ಮಡಚುತ್ತೆ, ಆಗಲೂ ಹಿಂದಕ್ಕೇ ವಾಲಬೇಕು. ಹೆಚ್ಚಿನವರು ಬೀಳೋದು ಈ ಎರಡನೇ ಸಲ. ಮುಗೀತಲ್ಲ ಅಂತ ಕೈ ಬಿಟ್ಟು ಫೋನ್ ತೆಗೀತಾರೆ. ಜೀಪಿನಲ್ಲಿ ದಿಬ್ಬ ಹಾರಿಸುವ ಸವಾರಿಗೆ ಚಕ್ರದ ಗಾಳಿ ಅರ್ಧದಷ್ಟು ಇಳಿಸ್ತಾರೆ, ಮರಳಲ್ಲಿ ಹೂತುಹೋಗದಿರಲಿ ಅಂತ. ಹೊರಡೋಕೆ ಎರಡು ಗಂಟೆ ಮುಂಚೆ ಊಟ ಮುಗಿಸಿ. ಬೆನ್ನುಮೂಳೆ, ಕತ್ತಿನ ಡಿಸ್ಕ್ ತೊಂದರೆ ಇರೋರು, ಬಸುರಿಯರು ಹತ್ತಲೇಬೇಡಿ. "ನಿಧಾನಕ್ಕೆ ಓಡಿಸಿ" ಅಂತ ಹೇಳಿ ಹತ್ತಿದರೂ ಪ್ರಯೋಜನವಿಲ್ಲ, ಏರು ಹತ್ತಬೇಕಾದರೆ ವೇಗ ಬೇಕೇ ಬೇಕು.

ಈಗ ಸ್ಪಾ. ಎಲ್ಲರೂ ಸಂಜೆ ಐದರ ಹೊತ್ತು ಕೇಳ್ತಾರೆ, ಸೂರ್ಯಾಸ್ತ ತಪ್ಪಿಸಿಕೊಳ್ತಾರೆ. ಸ್ಪಾಗೆ ಹೊತ್ತು ಅಂದರೆ ಹನ್ನೊಂದೂವರೆಯಿಂದ ಮೂರೂವರೆ, ಬಿಸಿಲಿನ ಹೊತ್ತೇ. ಎಷ್ಟು ಕೋಣೆ ಇದೆ, ಒಮ್ಮೆಗೆ ಎಷ್ಟು ಜನ ಥೆರಪಿಸ್ಟ್‌ಗಳಿರ್ತಾರೆ ಕೇಳಿ. ಎರಡು ಕೋಣೆ ಇದ್ದು ಒಬ್ಬರಿಗೆ ತೊಂಬತ್ತು ನಿಮಿಷ ಅಂದರೆ ಆರು ಜನಕ್ಕೆ ನಾಲ್ಕೂವರೆ ಗಂಟೆ ಬೇಕು. ಅಲ್ಲಿಗೆ ಹೋದ ಮೇಲೆ ಹೇಳಿದರೆ ಎಲ್ಲರಿಗೂ ಒಂದೇ ದಿನ ಸಿಗಲ್ಲ. ಹೆಂಗಸರಿಗೆ ಹೆಂಗಸರೇ ಬೇಕು ಅಂತ ಮುಂಚೆಯೇ ತಿಳಿಸಿ. ಉಪ್ಪು, ಮರಳು ಹಾಕಿ ಉಜ್ಜುವ ಸ್ಕ್ರಬ್ ಇದ್ದರೆ ಆ ದಿನ ಶೇವಿಂಗ್, ವ್ಯಾಕ್ಸಿಂಗ್ ಬೇಡ, ಮೈಯೆಲ್ಲ ಉರಿಯುತ್ತೆ. ಉಜ್ಜಿಸಿಕೊಂಡ ಮೇಲೆ ಬಿಸಿಲಿಗೂ ಹೋಗಬಾರದು, ಆದ್ದರಿಂದ ಅದನ್ನು ಸಫಾರಿ ಮುಗಿದ ಮೇಲಿನ ದಿನಕ್ಕೆ ಇಟ್ಟುಕೊಳ್ಳಿ. ಬಿಪಿ ಇರೋರು ಹಬೆಕೋಣೆಗೆ ಹೋಗುವ ಮುಂಚೆ ಡಾಕ್ಟರನ್ನು ಕೇಳಿ.

ಒಣ ಗಾಳಿಯಲ್ಲಿ ಬೆವರು ಕಾಣಲ್ಲ, ಬಂದ ಕೂಡಲೇ ಆರಿಹೋಗುತ್ತೆ. ಬಾಯಾರಿಕೆ ಗೊತ್ತಾಗೋ ಹೊತ್ತಿಗೆ ಮೈಯಲ್ಲಿ ನೀರು ಕಮ್ಮಿಯಾಗಿರುತ್ತೆ. ದಿನಕ್ಕೆ ಮೂರು ನಾಲ್ಕು ಲೀಟರ್ ನೀರು, ಒಂದೆರಡು ಪೊಟ್ಟಣ ಓಆರ್‌ಎಸ್ ಇರಲಿ. ತುಟಿ ಒಡೆಯುತ್ತೆ, ಕೆಲವರಿಗೆ ಮೂಗಿನಲ್ಲಿ ರಕ್ತ ಬರುತ್ತೆ. ಮಲಗುವ ಮುಂಚೆ ಮೂಗಿನ ಒಳಅಂಚಿಗೆ, ತುಟಿಗೆ ವ್ಯಾಸಲಿನ್ ಸವರಿ. ತಿಪಟೂರಿನ ಕೊಬ್ಬರಿ ಎಣ್ಣೆ ಒಯ್ಯೋರು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಇಪ್ಪತ್ನಾಲ್ಕು ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತೆ, ಸಣ್ಣ ಬಾಯಿಯ ಸೀಸೆಯಿಂದ ಹೊರಗೆ ಬರಲ್ಲ.

ಊಟಕ್ಕೆ ಅಂತ ಚಿಂತೆ ಮಾಡಬೇಡಿ. ಅಲ್ಲಿಯ ಬಾಜ್ರೆ ರೊಟ್ಟಿ ನಮ್ಮ ಸಜ್ಜೆ ರೊಟ್ಟಿಯೇ. ಕೇರ್ ಸಾಂಗ್ರಿ ತಪ್ಪಿಸಬೇಡಿ. ಸಾಂಗ್ರಿ ಅಂದರೆ ಖೇಜ್ರಿ ಮರದ ಒಣಗಿಸಿದ ಕಾಯಿ, ಕೇರ್ ಅಂದರೆ ಕುರುಚಲು ಗಿಡದ ಪುಟ್ಟ ಕಾಯಿ. ರಾತ್ರಿಯೆಲ್ಲ ನೆನೆಸಿ, ಬೇಯಿಸಿ, ಎಣ್ಣೆ ಮಸಾಲೆಯಲ್ಲಿ ಹುರೀತಾರೆ. ನೀರಿಗೆ ಬರವಿದ್ದ ಊರಿನ ಅಡುಗೆ, ಮಜ್ಜಿಗೆ ತುಪ್ಪದ ಮೇಲೇ ನಡೆಯುತ್ತೆ. ಮೂರನೇ ದಿನ ನಮ್ಮವರಿಗೆ ಮೊಸರನ್ನ ನೆನಪಾಗೋದು ಖಂಡಿತ. ಹಿಂದಿನ ರಾತ್ರಿಯೇ ಹೇಳಿದರೆ ದೊಡ್ಡ ಹೋಟೆಲಿನವರು ಮಾಡಿಕೊಡ್ತಾರೆ. ದಿಬ್ಬದ ಮೇಲೆ ಟೇಬಲ್ ಹಾಕಿ ಊಟ ಕೊಡೋದಕ್ಕೆ ಬೇರೆ ದುಡ್ಡು. ಗಾಳಿ ಎದ್ದರೆ ಅನ್ನದಲ್ಲಿ ಮರಳು. ಗಾಳಿ ಬಂದರೆ ಬದಲಿ ಜಾಗ ಎಲ್ಲಿ, ಅಥವಾ ಹಣ ವಾಪಸ್ಸಾ ಅಂತ ಮೊದಲೇ ಮಾತಾಡಿಕೊಳ್ಳಿ.

ಹಣದ ವಿಷಯಕ್ಕೆ ಬಂದರೆ, 7,500 ರೂಪಾಯಿ ಮೇಲಿನ ಕೋಣೆಗೆ 18% ಜಿಎಸ್‌ಟಿ ಬೀಳುತ್ತೆ. ಹೇಳಿದ ರೇಟು ತೆರಿಗೆ ಸೇರಿಸಿಯೋ ಬಿಟ್ಟೋ ಅಂತ ಕೇಳದೆ ತಲೆಗೆ ಇಷ್ಟು ಅಂತ ಹಂಚಬೇಡಿ. ಗುಂಪು ಸಮಸಂಖ್ಯೆಯಲ್ಲಿರಲಿ. ಏಳು ಜನರಾದರೆ ಒಬ್ಬರಿಗೆ ಒಂದು ಪೂರ್ತಿ ಕೋಣೆ, ಇಲ್ಲ ಮೂರನೆಯವರಿಗೆ ಹೆಚ್ಚುವರಿ ಮಂಚ. ಕೊನೆ ವಾರದಲ್ಲಿ ಒಬ್ಬರು ಕೈಕೊಟ್ಟರೆ ಆ ಕೋಣೆಯ ಬಾಡಿಗೆ ಯಾರ ತಲೆಗೆ ಅನ್ನೋದನ್ನು ಮುಂಗಡ ಕಟ್ಟುವ ದಿನವೇ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಾಕಿ. ಸ್ನೇಹ ಕೆಡೋದು ಬಹುಪಾಲು ಇಲ್ಲೇ.

ದುಬೈ ಕಡೆ ಹೋಗೋರಿಗೆ ಲೆಕ್ಕ ಬೇರೆ. ಅಲ್ ಮಹಾ ರೆಸಾರ್ಟ್ ಇರೋದು 225 ಚದರ ಕಿಲೋಮೀಟರ್ ಸಂರಕ್ಷಿತ ಮರುಭೂಮಿಯೊಳಗೆ, ಪ್ರತಿ ಸೂಟ್‌ಗೂ ಸ್ವಂತ ಕೊಳ. ಕಸ್ರ್ ಅಲ್ ಸರಾಬ್ ರೆಸಾರ್ಟ್ ಅಬುಧಾಬಿ ವಿಮಾನ ನಿಲ್ದಾಣದಿಂದ ಎರಡು ಗಂಟೆ ದೂರದಲ್ಲಿ, ಲಿವಾ ಮರುಭೂಮಿಯ ದೊಡ್ಡ ದಿಬ್ಬಗಳ ನಡುವೆ ಇದೆ. ಹಗಲಿನ ಐದು ಗಂಟೆಗೆ ಇವೆರಡೂ ಸರಿಯಾದ ಜಾಗ. ದುಬೈನಲ್ಲಿ ಕೋಣೆಯ ರೇಟಿನ ಮುಂದೆ ಪ್ಲಸ್ ಪ್ಲಸ್ ಅಂತ ಇದ್ದರೆ 10% ಸರ್ವಿಸ್ ಚಾರ್ಜ್, 7% ಮುನಿಸಿಪಾಲಿಟಿ ಶುಲ್ಕ, 5% ವ್ಯಾಟ್ ಸೇರಿಸಿಕೊಳ್ಳಿ. ಐದು ನಕ್ಷತ್ರದ ಹೋಟೆಲಾದರೆ ಒಂದು ಕೋಣೆಗೆ ರಾತ್ರಿಗೆ 20 ದಿರ್ಹಮ್ ಬೇರೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳನ್ನು ಅನುಮತಿಯಿಲ್ಲದೆ ಒಯ್ಯಬಾರದು. ಗಸಗಸೆ ಅಲ್ಲಿ ಪೂರ್ತಿ ನಿಷೇಧ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆಪುಡಿಯಲ್ಲಿ ಅದಿದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಇದ್ದರೆ ಆ ಡಬ್ಬಿ ಮನೆಯಲ್ಲೇ ಇರಲಿ.