ರಸೀದಿಯ ಬೆನ್ನ ಮೇಲೆ ಬರೆದ ವಿಳಾಸ

ಗೊತ್ತಿಲ್ಲದ ಊರಿನಲ್ಲಿ ಹಳೆಯ ರೆಕಾರ್ಡುಗಳ ಒಳ್ಳೆಯ ಅಂಗಡಿ ಸಿಗಬೇಕಾದರೆ ಮೊದಲು ಒಂದು ಸುಮಾರಾದ ಅಂಗಡಿಗೆ ಹೋಗಬೇಕು. ಮೊಬೈಲ್ ನಕ್ಷೆ ಎದ್ದು ತೋರಿಸುವುದು ಹೆಚ್ಚಾಗಿ ಅದನ್ನೇ. ಕಚೇರಿ ಕೆಲಸಕ್ಕೆಂದು ಹೋಗಿದ್ದ ಊರಿನಲ್ಲಿ ಕೆಲಸ ಬೇಗ ಮುಗಿದು, ರಾತ್ರಿಯ ರೈಲಿನವರೆಗೆ ಹೊತ್ತು ಮಿಕ್ಕಿತ್ತು. ನಕ್ಷೆಯಲ್ಲಿ ಅತಿ ಹೆಚ್ಚು ಹೊಗಳಿಕೆ ಪಡೆದಿದ್ದ ಅಂಗಡಿಗೆ ನಡೆದೆ.

ದೊಡ್ಡ ಗಾಜಿನ ಬಾಗಿಲು, ಒಳಗೆ ತಂಪು ಗಾಳಿ, ಬ್ಯಾಂಡುಗಳ ಹೆಸರು ಅಚ್ಚಾದ ಟೀ ಶರ್ಟುಗಳು, ಪ್ಲಾಸ್ಟಿಕ್ ಬಿಚ್ಚದ ಹೊಸ ರೆಕಾರ್ಡುಗಳು, ಸೂಟ್‌ಕೇಸ್ ಆಕಾರದ ಬಣ್ಣಬಣ್ಣದ ಪ್ಲೇಯರುಗಳು. ಈ ಸೂಟ್‌ಕೇಸ್ ಪ್ಲೇಯರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಒಳ್ಳೆಯ ಪ್ಲೇಯರಿನಲ್ಲಿ ಮುಳ್ಳು ತಟ್ಟೆಯ ಮೇಲೆ ಊರುವ ಭಾರ ಎರಡು ಗ್ರಾಮಿನ ಆಸುಪಾಸು ಇರುತ್ತದೆ. ಇವುಗಳಲ್ಲಿ ಹಲವು ಐದು ಗ್ರಾಂ ಊರುತ್ತವೆ. ಹಾಡು ಕೇಳುತ್ತ ಕೇಳುತ್ತ ಹಾಡನ್ನೇ ಕೆರೆದು ತೆಗೆಯುವ ಯಂತ್ರ ಅದು.

ಹಿಂದಿನ ಮೂಲೆಯಲ್ಲಿ ಹಳೆಯ ರೆಕಾರ್ಡುಗಳ ಪೆಟ್ಟಿಗೆಗಳಿದ್ದವು. ಬೆರಳು ತೂರದಷ್ಟು ಬಿಗಿಯಾಗಿ ತುರುಕಿದ್ದರು. ಒಂದನ್ನು ಎಳೆದರೆ ಅಕ್ಕಪಕ್ಕದ ಕವರುಗಳೂ ಜೊತೆಗೆ ಮೇಲೇಳುತ್ತಿದ್ದವು. ಪ್ರತಿಯೊಂದಕ್ಕೂ ‘ಉತ್ತಮ ಸ್ಥಿತಿ’ ಎಂಬ ಒಂದೇ ಚೀಟಿ. ಬೇರೆ ಬೇರೆ ಮನೆಗಳಲ್ಲಿ, ಬೇರೆ ಬೇರೆ ಕೈಗಳಲ್ಲಿ ಹತ್ತಾರು ವರ್ಷ ಬಾಳಿದ ವಸ್ತುಗಳೆಲ್ಲ ಒಂದೇ ಸ್ಥಿತಿಯಲ್ಲಿರುವುದು ಹೇಗೆ ಸಾಧ್ಯ? ಹಾಕಿ ಕೇಳಬಹುದೇ ಎಂದು ವಿಚಾರಿಸಿದೆ. ಅಂತಹ ವ್ಯವಸ್ಥೆ ಇಲ್ಲ ಎಂಬ ಉತ್ತರ ಬಂತು. ಪಕ್ಕದಲ್ಲೇ ಹತ್ತು ಪ್ಲೇಯರುಗಳು ಮಾರಾಟಕ್ಕಿದ್ದವು.

ಇಂತಹ ಅಂಗಡಿಯಿಂದ ಬರಿಗೈಯಲ್ಲಿ ಹೊರಡಬಾರದು, ಒಂದು ಪ್ರಶ್ನೆ ಕೇಳಿಯೇ ಹೊರಡಬೇಕು. ‘ಒಳ್ಳೆಯ ಅಂಗಡಿ ಬೇರೆ ಎಲ್ಲಿದೆ’ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಗಲ್ಲಾದ ಬಳಿ ನಿಂತಿದ್ದ ಹುಡುಗನನ್ನು, “ನಿಮಗೇ ಒಂದು ರೆಕಾರ್ಡ್ ಬೇಕಾದಾಗ ಎಲ್ಲಿಗೆ ಹೋಗುತ್ತೀರಿ?” ಎಂದು ಕೇಳಿದೆ. ಅವನ ಮುಖವೇ ಬದಲಾಯಿತು. ಮಾಲೀಕರು ಒಳಗಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿ, ರಸೀದಿಯ ಬೆನ್ನ ಮೇಲೆ ಬೀದಿಯ ಹೆಸರು ಬರೆದು, “ಬೋರ್ಡ್ ಇಲ್ಲ. ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿ. ಆತುರದಲ್ಲಿದ್ದರೆ ಹೋಗಬೇಡಿ” ಎಂದ.

ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ರೆಕಾರ್ಡುಗಳಲ್ಲ. ಮೇಜಿನ ತುದಿಯಲ್ಲಿ ತಿರುಗುತ್ತಿದ್ದ ಪ್ಲೇಯರ್ ಮತ್ತು ಅದರ ಮೇಲೆ ನೇತುಹಾಕಿದ್ದ ಹೊದಿಕೆಯಿಲ್ಲದ ಬಲ್ಬು. ಇವೆರಡೂ ಇರುವ ಅಂಗಡಿಯಲ್ಲಿ ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ. ಗೀರುಗಳನ್ನು ಮರೆಸುವುದು ಟ್ಯೂಬ್‌ಲೈಟಿನ ಹರಡಿದ ಬೆಳಕು. ಒಂದೇ ಬಲ್ಬಿನ ಕೆಳಗೆ ತಟ್ಟೆಯನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಕೂದಲೆಳೆಯಂತಹ ಗೆರೆಯೂ ಎದ್ದು ಕಾಣುತ್ತದೆ.

ಅಂಗಡಿ ನಡೆಸುತ್ತಿದ್ದವರು ಅರವತ್ತು ದಾಟಿದ ಮಹಿಳೆ. ಕೆಳಗಿನ ಅಂಗಡಿಯವರಿಂದಲೇ ತಂದಿದ್ದರೇನೋ, ಗಡಿಯಾರ ರಿಪೇರಿಯವರ ಮಸೂರವೊಂದನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದು ತಟ್ಟೆಯ ಒಳ ಅಂಚನ್ನು ಓದುತ್ತಿದ್ದರು. ಹೌದು, ಓದುತ್ತಿದ್ದರು. ಹಾಡಿನ ಗೆರೆ ಮುಗಿದು ನಡುವಿನ ಕಾಗದದ ಲೇಬಲ್ ಶುರುವಾಗುವ ಮೊದಲು ಒಂದಿಷ್ಟು ನುಣುಪು ಜಾಗವಿರುತ್ತದೆ. ತಟ್ಟೆಯ ಜಾತಕ ಇರುವುದು ಅಲ್ಲಿ. ಲ್ಯಾಕರ್ ಲೇಪಿಸಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಮೊದಲು ಗೆರೆ ಕೊರೆಯುತ್ತಾರೆ, ಅದರಿಂದ ಲೋಹದ ಅಚ್ಚು ತೆಗೆಯುತ್ತಾರೆ, ಆ ಅಚ್ಚಿನಿಂದ ರೆಕಾರ್ಡುಗಳನ್ನು ಒತ್ತುತ್ತಾರೆ. ಯಾವ ಕೊರೆತದಿಂದ ಬಂದ ತಟ್ಟೆ ಎಂಬುದನ್ನು ಆ ಜಾಗದಲ್ಲಿ ಗೀಚಿದ ಅಂಕಿಗಳು ಹೇಳುತ್ತವೆ. ಕೊರೆದವರ ಗುರುತೂ ಕೆಲವೊಮ್ಮೆ ಸಿಗುತ್ತದೆ. ಜಾಝ್ ಮುದ್ರಣಗಳಿಗೆ ಹೆಸರಾದ ಅಮೆರಿಕದ ರೂಡಿ ವ್ಯಾನ್ ಗೆಲ್ಡರ್ ತಾವು ಕೊರೆದ ತಟ್ಟೆಗಳ ಮೇಲೆ ಆರ್‌ವಿಜಿ ಎಂದೋ ವ್ಯಾನ್ ಗೆಲ್ಡರ್ ಎಂದೋ ಗುರುತು ಹಾಕುತ್ತಿದ್ದರು. ಇಂಗ್ಲೆಂಡಿನ ಜಾರ್ಜ್ ಪೆಕ್‌ಹ್ಯಾಮ್ ‘ಎ ಪೋರ್ಕಿ ಪ್ರೈಮ್ ಕಟ್’ ಎಂದು ತಮಾಷೆಯಾಗಿ ಗೀಚುತ್ತಿದ್ದರು. ಕವರ್ ಹರಿದು ಬದಲಾಗಬಹುದು, ಬೇರೊಂದು ತಟ್ಟೆಯೇ ಒಳಗೆ ಸೇರಿಕೊಂಡಿರಬಹುದು. ತಟ್ಟೆಯ ಮೇಲಿನ ಈ ಗೀಚು ಮಾತ್ರ ತಟ್ಟೆಯನ್ನು ಬಿಟ್ಟು ಹೋಗುವುದಿಲ್ಲ.

ನಾನು ಆರಿಸಿಕೊಂಡದ್ದು ಚೆಲ್ಲೋ ವಾದನದ ಒಂದು ರೆಕಾರ್ಡ್. ವಾದಕರ ಹೆಸರು ಕೇಳಿರಲಿಲ್ಲ. ಕವರಿನ ಮೇಲಿನ ಚಿತ್ರವೂ ಅಂತಹ ಚೆಂದವೇನಲ್ಲ. ನಡುವಿನ ರಂಧ್ರದ ಸುತ್ತ ಲೇಬಲಿನ ಮೇಲೆ ಗೆರೆಗಳೇ ಇಲ್ಲದ್ದನ್ನು ಕಂಡು ಎತ್ತಿಕೊಂಡೆ. ಪ್ಲೇಯರಿನ ಕಡ್ಡಿಗೆ ರಂಧ್ರ ಸಿಗದೆ ತಡಕಾಡಿದಷ್ಟೂ ಸಲ ಅಲ್ಲಿ ಒಂದೊಂದು ಮಿರುಗುವ ಗೆರೆ ಬೀಳುತ್ತದೆ. ಬಹಳ ಸಲ ಹಾಕಿದ ರೆಕಾರ್ಡಿನಲ್ಲಿ ಅದು ಗೋಜಲಾಗಿ ಕಾಣುತ್ತದೆ. ತಟ್ಟೆಯನ್ನು ಎಷ್ಟೇ ತೊಳೆದು ಮಿರುಗಿಸಿದರೂ ಅದು ಹೋಗದು.

ಕೇಳಬಹುದೇ ಎಂದು ನಾನು ಬಾಯಿ ತೆರೆಯುವ ಮೊದಲೇ ಆಕೆ ತಟ್ಟೆಯನ್ನು ಇಸಿದುಕೊಂಡು ಪ್ಲೇಯರಿನ ಮೇಲಿಟ್ಟರು. ಮುಳ್ಳನ್ನು ಇಳಿಸಿದ್ದು ಮೊದಲ ಭಾಗಕ್ಕಲ್ಲ, ಬದಿಯ ಕೊನೆಯ ಭಾಗಕ್ಕೆ. ಈಕೆಗೆ ಕೆಲಸ ಗೊತ್ತು ಎಂದು ನನಗೆ ಖಾತರಿಯಾದದ್ದು ಆಗ. ಎಲ್‌ಪಿ, ಅಂದರೆ ಹೆಚ್ಚು ಹೊತ್ತು ನುಡಿಯುವ ಇಂತಹ ರೆಕಾರ್ಡ್, ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುತ್ತದೆ, ಎಲ್ಲಿಯೂ ಹೆಚ್ಚು ಕಡಿಮೆ ಇಲ್ಲ. ಆದರೆ ಹೊರ ಅಂಚಿನಲ್ಲಿ ಒಂದು ಸುತ್ತೆಂದರೆ ಉದ್ದ ದಾರಿ, ಒಳಗೆ ಹೋದಂತೆ ಗಿಡ್ಡ. ಆರಂಭದಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸರಿದರೆ, ಕೊನೆಗೆ ಬರುವಾಗ ಅದು 20 ಸೆಂಟಿಮೀಟರಿನಷ್ಟಕ್ಕೆ ಇಳಿದಿರುತ್ತದೆ. ಅಷ್ಟೇ ನಾದವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿಡಬೇಕು. ಹಿಂದಿನವರು ಸವೆದ ಮುಳ್ಳು ಬಳಸಿದ್ದರೆ ಮೊದಲು ಹಾಳಾಗುವುದು ಈ ಇಕ್ಕಟ್ಟಿನ ಜಾಗವೇ. ನಾದ ಜೋರಾದ ಕಡೆ ಒಡಕು ಕೇಳಿಸುತ್ತದೆ. ಮೊದಲ ಹಾಡು ಕೇಳಿಸಿ ರೆಕಾರ್ಡ್ ಮಾರುವವರು ಎಲ್ಲ ಕಡೆ ಇದ್ದಾರೆ.

ಚೆಲ್ಲೋ ಕೊನೆಯವರೆಗೂ ಒಡೆಯಲಿಲ್ಲ. ಮೆಲುದನಿಯ ಕಡೆ ಮಾತ್ರ ಒಂದಷ್ಟು ಟಕ್ ಟಕ್ ಎಂದಿತು. ಆಕೆ ಕವರಿನ ಮೇಲಿದ್ದ ಚೀಟಿಯನ್ನು ನನ್ನ ಕಡೆ ತಿರುಗಿಸಿದರು. ‘ಎರಡನೇ ಬದಿ, ಕೊನೆ, ಒಂಬತ್ತು ಸಲ ಟಕ್, ಉಗುರಿಗೆ ತಾಗುವುದಿಲ್ಲ’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಉಗುರಿಗೆ ತಾಗದ ಗೀರು ಬರಿಯ ಸದ್ದು ಮಾಡೀತು. ತಾಗುವ ಗೀರಾದರೆ ಮುಳ್ಳು ಎಗರಿ, ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತ ಕೂರಬಹುದು. ಉತ್ತಮ, ಅತ್ಯುತ್ತಮ ಎಂಬ ದರ್ಜೆಗಳಿಗಿಂತ ಈ ಒಂದು ಸಾಲನ್ನು ನಾನು ನಂಬುತ್ತೇನೆ. ತನ್ನ ಮಾಲಿನ ಕೊರತೆಯನ್ನು ತಾನೇ ಎಣಿಸಿ ಬರೆದಿಟ್ಟ ಅಂಗಡಿಯಲ್ಲಿ ನನಗೆ ಚೌಕಾಸಿಗೆ ಬಾಯಿಯೇ ಬರುವುದಿಲ್ಲ.

ಅಷ್ಟರಲ್ಲಿ ಇನ್ನೊಬ್ಬರು ಬಂದು ಗೋಡೆಗೆ ಒರಗಿಸಿ ನಿಲ್ಲಿಸಿದ್ದ ದಪ್ಪ ತಟ್ಟೆಗಳಲ್ಲಿ ಒಂದನ್ನು ಕೇಳಿದರು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ, ಅರಗಿನಿಂದ ಮಾಡಿದ ಹಳೆಯ ತಟ್ಟೆ. ಕೊಲಂಬಿಯಾ ಕಂಪನಿ 1948ರಲ್ಲಿ ವಿನೈಲಿನ ಎಲ್‌ಪಿಯನ್ನು ತರುವವರೆಗೆ ಜಗತ್ತು ಹೆಚ್ಚಾಗಿ ಕೇಳುತ್ತಿದ್ದದ್ದು ಇಂಥವನ್ನೇ. ಹತ್ತು ಇಂಚಿನ ತಟ್ಟೆಯಾದರೆ ಬದಿಗೆ ಮೂರು ನಿಮಿಷ. ಕೈ ಜಾರಿದರೆ ಚೂರು ಚೂರು.

“ನಿಮ್ಮ ಪ್ಲೇಯರಿನಲ್ಲಿ ಎಪ್ಪತ್ತೆಂಟರ ಮುಳ್ಳು ಇದೆಯೇ?” ಎಂದು ಆಕೆ ಕೇಳಿದರು.

“ವೇಗದ ಗುಂಡಿ ಇದೆ.”

“ಗುಂಡಿ ಸಾಲದು. ಈ ತಟ್ಟೆಯ ಗೆರೆ ಮೂರು ಪಟ್ಟು ಅಗಲ. ನಿಮ್ಮ ಮುಳ್ಳು ಅದರ ತಳಕ್ಕೆ ಬಿದ್ದು ಕಸ ಕೆರೆಯುತ್ತದೆ. ಮೊದಲು ಮುಳ್ಳು ತನ್ನಿ, ಇದನ್ನು ತೆಗೆದಿಟ್ಟಿರುತ್ತೇನೆ.”

ಅವರು ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿದರು. ಹಣ ಹಿಡಿದು ನಿಂತವರನ್ನು ಆಕೆ ವಾಪಸ್ ಕಳಿಸಿದ್ದು ನೋಡಿ ನಾನು ಇನ್ನೂ ಒಂದು ಗಂಟೆ ಅಲ್ಲೇ ಉಳಿದೆ.

ಮೇಜಿನ ಕೆಳಗೆ, ಹೊಸದಾಗಿ ಬಂದ, ಇನ್ನೂ ಬೆಲೆ ಬರೆಯದ ರೆಕಾರ್ಡುಗಳ ಪೆಟ್ಟಿಗೆಗಳಿದ್ದವು. ನೋಡಬಹುದೇ ಎಂದು ಕೇಳಿದೆ. ಕೇಳದೆ ಕೈ ಹಾಕಬಾರದು, ನೋಡಿದ್ದನ್ನು ತೆಗೆದ ಜಾಗಕ್ಕೇ ಇಡಬೇಕು, ಪಕ್ಕದವರು ಹುಡುಕುತ್ತಿರುವ ಪೆಟ್ಟಿಗೆಗೆ ಮೊಣಕೈ ತೂರಿಸಬಾರದು. ಇದನ್ನು ಯಾರೂ ಗೋಡೆಗೆ ಬರೆದು ಹಾಕಿರುವುದಿಲ್ಲ, ಮೀರಿದವರಿಗೆ ಮೇಜಿನ ಕೆಳಗಿನ ಪೆಟ್ಟಿಗೆ ತೆರೆಯುವುದೂ ಇಲ್ಲ. ಆ ಪೆಟ್ಟಿಗೆಗಳು ಯಾವುದೋ ಒಂದೇ ಮನೆಯಿಂದ ಬಂದವು. ಪ್ರತಿ ಕವರಿನ ಹಿಂದೆಯೂ ಒಂದೇ ಕೈಬರಹದಲ್ಲಿ ಕೊಂಡ ತಾರೀಖು. ಮೊದಲ ವರ್ಷಗಳಲ್ಲಿ ಬರೀ ನೃತ್ಯಸಂಗೀತ, ಆಮೇಲೆ ಪಿಟೀಲು, ಪಿಯಾನೊ, ಕೊನೆಗೆ ಮಕ್ಕಳ ಕಥೆಗಳು. ಅಕ್ಷರಾನುಕ್ರಮದಲ್ಲಿ ಜೋಡಿಸಿದ ಕಪಾಟಿಗಿಂತ ಇಂತಹ ಪೆಟ್ಟಿಗೆಯೇ ನನಗೆ ಇಷ್ಟ. ಜೋಡಿಸಿದ ಮೇಲೆ ಒಬ್ಬರ ಕಿವಿ ನಡೆದ ದಾರಿ ಅಳಿಸಿಹೋಗುತ್ತದೆ. ಒಂದು ಪಿಟೀಲಿನ ರೆಕಾರ್ಡನ್ನೂ ತೆಗೆದುಕೊಂಡೆ. 2000ದಲ್ಲಿ ಶುರುವಾದ, ರೆಕಾರ್ಡುಗಳ ವಿವರ ಪಟ್ಟಿ ಮಾಡುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಅದರ ಒಳ ಅಂಚಿನ ಅಂಕಿಗಳನ್ನು ತಾಳೆ ನೋಡಿ ಆಕೆ ಅಲ್ಲೇ ಬೆಲೆ ಬರೆದರು.

ರೈಲಿನಲ್ಲಿ ಹೋಗುವವನು ಎಂದು ತಿಳಿದು ತಟ್ಟೆಗಳನ್ನು ಕವರಿನಿಂದ ಹೊರಗೆ ತೆಗೆದು, ಒಳ ಚೀಲದ ಸಮೇತ ಕವರಿನ ಹಿಂದೆ ಇಟ್ಟು, ಎರಡೂ ಕಡೆ ರಟ್ಟು ಕೊಟ್ಟು ಕಟ್ಟಿದರು. ಕವರಿನ ಒಳಗೇ ಬಿಟ್ಟರೆ ಚೀಲ ಕುಲುಕಿದಾಗಲೆಲ್ಲ ತಟ್ಟೆಯ ಅಂಚು ಬಡಿದು ಕವರಿನ ಬದಿ ಸೀಳುತ್ತದೆ. “ಮಲಗಿಸಬೇಡಿ, ನಿಲ್ಲಿಸಿಯೇ ಒಯ್ಯಿರಿ. ಬಿಸಿಲಿಗೆ ಬಿಟ್ಟರೆ ಡೊಂಕಾಗುತ್ತವೆ” ಎಂದರು.

ಹೊರಡುವಾಗ ಆಕೆಯನ್ನೂ ಅದೇ ಪ್ರಶ್ನೆ ಕೇಳಿದೆ. ನಕ್ಕರು. ನದಿಯಾಚೆ ಒಬ್ಬರು ತಮ್ಮ ಮನೆಯ ಹಿಂಭಾಗದಲ್ಲೇ ಮಾರುತ್ತಾರಂತೆ, ಭಾನುವಾರ ಮಾತ್ರ. ಮಾತು ಒರಟು, ರೆಕಾರ್ಡು ಚೊಕ್ಕ, ಇಷ್ಟವಾಗದಿದ್ದರೆ ಕಾರಣ ಕೇಳದೆ ಹಿಂದಕ್ಕೆ ತೆಗೆದುಕೊಳ್ಳುತ್ತಾರಂತೆ. ಅಂದು ಗುರುವಾರ. ಮುಂದಿನ ಸಲ ಆ ಊರಿನ ಕೆಲಸವನ್ನು ಶನಿವಾರಕ್ಕೆ ಹಾಕಿಕೊಡಿ ಎಂದು ಕಚೇರಿಯಲ್ಲಿ ಕೇಳಿದ್ದೇನೆ. ವಾರದ ಕೊನೆಯಲ್ಲೂ ದುಡಿಯುವ ನನ್ನ ಉತ್ಸಾಹ ಮೇಲಧಿಕಾರಿಗೆ ಮೆಚ್ಚುಗೆಯಾಗಿದೆ.